ಸೇರಿಸಿದ ಕೂಸು, ಅಳಿಸಿದ ಹುಡುಗ

ಬಾಸ್ಟನ್ನಿನ ವರ್ತಕ ಜಾನ್ ಫ್ರೀಕ್‌ನ ಹೆಂಡತಿ ಎಲಿಜಬೆತ್ 1671ರಲ್ಲಿ ಭಾವಚಿತ್ರ ಬರೆಸಿಕೊಂಡಾಗ ಅದರಲ್ಲಿ ಮಗು ಇರಲಿಲ್ಲ. 1674ರಲ್ಲಿ ಮೇರಿ ಹುಟ್ಟಿದಳು. ಅದೇ ಕ್ಯಾನ್ವಾಸನ್ನು ಹೊರತೆಗೆದು, ತಾಯಿಯ ಕೈಗಳನ್ನು ತಿದ್ದಿ, ಆರು ತಿಂಗಳ ಕೂಸನ್ನು ತೊಡೆಯ ಮೇಲೆ ನಿಲ್ಲಿಸಿದರು. ಎಕ್ಸ್-ರೇ ತೆಗೆದಾಗ ಬಣ್ಣದಡಿಯ ಹಳೆಯ ಚಿತ್ರ ಕಾಣಿಸಿತು. ಈಗ ವುಸ್ಟರ್ ಕಲಾ ಸಂಗ್ರಹಾಲಯದಲ್ಲಿರುವ ಈ ಕೃತಿಯನ್ನು ಬರೆದವನ ಹೆಸರು ಯಾರಿಗೂ ತಿಳಿದಿಲ್ಲ. ಬರೆಸಿದವರ ಹೆಸರು ಮಾತ್ರ ಉಳಿದಿದೆ.

ಅಮೆರಿಕದ ಸಂಗ್ರಹಾಲಯಗಳಲ್ಲಿ ಇಂದು ಮಕ್ಕಳ ಇಂತಹ ಹಳೆಯ ಚಿತ್ರಗಳ ಸುತ್ತ, ಅದರಲ್ಲೂ ಸಿರಿವಂತರ ಮಕ್ಕಳ ಪಕ್ಕದಲ್ಲಿ ಗುಲಾಮ ಮಕ್ಕಳಿರುವ ಚಿತ್ರಗಳ ಸುತ್ತ, ವಾದ ಎದ್ದಿದೆ. ಫಲಕದ ಬರಹ ಬದಲಿಸಬೇಕೇ, ಶೀರ್ಷಿಕೆ ತಿದ್ದಬೇಕೇ, ಕೆಲವನ್ನು ಗೋಡೆಯಿಂದಲೇ ಇಳಿಸಬೇಕೇ? ಇದು ಇತಿಹಾಸಕ್ಕೆ ಮಸಿ ಬಳಿಯುವ ಕೆಲಸ ಎಂದು ಒಬ್ಬರೆಂದರೆ, ಬಳಿದ ಮಸಿಯನ್ನು ತೊಳೆಯುವ ಕೆಲಸ ಎಂದು ಇನ್ನೊಬ್ಬರು.

ಬಹುಕಾಲ ಈ ಚಿತ್ರಗಳನ್ನು ಜನ ನೋಡಿದ್ದು ಬಟ್ಟೆಬರೆಗಾಗಿ. 1670ರ ಒಂದು ಚಿತ್ರದಲ್ಲಿ ನಾಲ್ಕೂವರೆ ವರ್ಷದ ರಾಬರ್ಟ್ ಗಿಬ್ಸ್ ಕಾಲು ಮುಚ್ಚುವ ಲಂಗ ತೊಟ್ಟು ನಿಂತಿದ್ದಾನೆ. ಹುಡುಗಿಯೆಂದು ತಪ್ಪು ತಿಳಿಯುವವರೇ ಹೆಚ್ಚು. ಆರೇಳು ವರ್ಷದವರೆಗೆ ಗಂಡುಮಕ್ಕಳಿಗೂ ಲಂಗವೇ, ಚಲ್ಲಣ ಬಂದದ್ದು ಆಮೇಲೆ. ಊರೂರು ತಿರುಗುವ ಚಿತ್ರಕಾರರು ಚಳಿಗಾಲದಲ್ಲಿ ತಲೆಯಿಲ್ಲದ ದೇಹಗಳನ್ನು ಬರೆದಿಟ್ಟುಕೊಂಡು, ಬೇಸಿಗೆಯಲ್ಲಿ ಗಿರಾಕಿಯ ತಲೆ ಅಂಟಿಸುತ್ತಿದ್ದರು ಎಂಬ ಕಥೆಯೂ ಚಾಲ್ತಿಯಲ್ಲಿದೆ. ಕೇಳಲು ಚೆನ್ನಾಗಿದೆ, ಪುರಾವೆ ಇಲ್ಲ. ಇಂಗ್ಲೆಂಡಿನಿಂದ ಬಂದ ಅಚ್ಚುಚಿತ್ರಗಳ ಭಂಗಿ, ಉಡುಪು, ತೋಟಗಳನ್ನು ಚಿತ್ರಕಾರರು ಎತ್ತಿಕೊಳ್ಳುತ್ತಿದ್ದುದು ಮಾತ್ರ ನಿಜ. ಮುಂದಿನ ನೂರು ವರ್ಷಗಳಲ್ಲಿ ಕೈ ಪಳಗಿತು. 1765ರಲ್ಲಿ ಜಾನ್ ಸಿಂಗಲ್ಟನ್ ಕೋಪ್ಲಿ ತನ್ನ ಮಲತಮ್ಮನ ಕೈಗೆ ಚಿನ್ನದ ಸರಪಳಿ ಕೊಟ್ಟು, ಅದರ ತುದಿಗೆ ಹಾರುವ ಅಳಿಲನ್ನು ಕಟ್ಟಿ ಬರೆದ ಚಿತ್ರ ಲಂಡನ್ನಿನವರನ್ನೂ ಬೆರಗಾಗಿಸಿತು.

ಇದೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಮೇರಿಲ್ಯಾಂಡಿನ ಒಂದು ಚಿತ್ರ. ಜರ್ಮನಿಯಿಂದ ಬಂದು ಅನಾಪೊಲಿಸ್‌ನಲ್ಲಿ ನೆಲೆಸಿದ ಯುಸ್ಟುಸ್ ಎಂಗೆಲ್‌ಹಾರ್ಟ್ ಕ್ಯೂನ್ ಅದನ್ನು ಬರೆದದ್ದು ಸುಮಾರು 1710ರಲ್ಲಿ. ಜಮೀನ್ದಾರಿ ಮನೆತನದ ಬಾಲಕ ಮೂರನೆಯ ಹೆನ್ರಿ ಡಾರ್ನಾಲ್ ಜರಿಯ ಕೋಟು ತೊಟ್ಟು, ಬಿಲ್ಲು ಹಿಡಿದು ನಿಂತಿದ್ದಾನೆ. ಹಿಂದೆ ಕತ್ತರಿಸಿ ಒಪ್ಪಮಾಡಿದ ತೋಟ, ಅರಮನೆಯಂತಹ ಕಟ್ಟಡಗಳು. ಅಂದಿನ ಮೇರಿಲ್ಯಾಂಡಿನಲ್ಲಿ ಅಂತಹ ತೋಟವೂ ಇರಲಿಲ್ಲ, ಕಟ್ಟಡವೂ ಇರಲಿಲ್ಲ. ಕಟಕಟೆಯ ಆಚೆ, ಒಂದು ಮೆಟ್ಟಿಲು ಕೆಳಗೆ ಎಂಬಂತೆ, ಕಪ್ಪು ಹುಡುಗನೊಬ್ಬ ಬೇಟೆಯಾಡಿದ ಹಕ್ಕಿಯನ್ನು ಹಿಡಿದು ಹೆನ್ರಿಯನ್ನು ನೋಡುತ್ತಿದ್ದಾನೆ. ಅವನ ಕೊರಳಲ್ಲಿ ಬೆಳ್ಳಿಯ ಪಟ್ಟಿ. ನಮ್ಮ ಕಣ್ಣಿಗೆ ಮೊದಲು ಅದು ಒಡವೆಯಂತೆಯೇ ಕಾಣುತ್ತದೆ. ಅದು ಒಡೆತನದ ಗುರುತು. ಗುಲಾಮಗಿರಿಗೆ ಒಳಗಾದ ಆಫ್ರಿಕನ್ ಮೂಲದವರು ಕಾಣಿಸಿಕೊಂಡ ಅಮೆರಿಕದ ತೈಲಚಿತ್ರಗಳಲ್ಲಿ ಇದು ಅತ್ಯಂತ ಹಳೆಯವುಗಳಲ್ಲಿ ಒಂದು.

ತೋಟ ಕಲ್ಪನೆಯಾದರೆ ಹುಡುಗನೂ ಕಲ್ಪನೆಯಾಗಿರಬಹುದಲ್ಲ, ಯುರೋಪಿನ ಚಿತ್ರಗಳಲ್ಲಿ ಕೊರಳಪಟ್ಟಿಯ ಸೇವಕ ಒಂದು ರೂಢಿಯಾಗಿದ್ದನಲ್ಲ, ಎಂದು ವಾದಿಸುವವರಿದ್ದಾರೆ. ಇರಬಹುದು. ಆದರೆ ಆ ಅನುಮಾನ ಅದೇ ಕ್ಯಾನ್ವಾಸಿನ ಹೆನ್ರಿಯ ಮೇಲೆ ಎಂದೂ ಬೀಳುವುದಿಲ್ಲ.

1761ರಲ್ಲಿ ಜಾನ್ ಹೆಸೀಲಿಯಸ್ ಬರೆದ ಚಿತ್ರದಲ್ಲಿ ಐದು ವರ್ಷದ ಚಾರ್ಲ್ಸ್ ಕ್ಯಾಲ್ವರ್ಟ್ ಗುಲಾಬಿ ರೇಷ್ಮೆಯಲ್ಲಿ ಮಿನುಗುತ್ತಾನೆ, ಸಮವಸ್ತ್ರದ ಗುಲಾಮ ಬಾಲಕ ಮಂಡಿಯೂರಿದ್ದಾನೆ. ಉತ್ತರದ ಮಸಾಚುಸೆಟ್ಸ್‌ನಲ್ಲಿ ಚಿತ್ರಗಳು ಇಷ್ಟು ಬಾಯಿಬಿಡುವುದಿಲ್ಲ. ಕೋಪ್ಲಿ ಸುಮಾರು 1758ರಲ್ಲಿ ಬರೆದ ಮೇರಿ ಮತ್ತು ಎಲಿಜಬೆತ್ ರಾಯಲ್ ಸೋದರಿಯರ ಬಳಿ ಝೇಂಕಾರದ ಹಕ್ಕಿಯಿದೆ, ನಾಯಿಯಿದೆ, ಬೇರೆ ಯಾರೂ ಇಲ್ಲ. ರೇಷ್ಮೆಗೆ ಹಣ ಬಂದದ್ದು ಆಂಟಿಗುವಾದ ಕಬ್ಬಿನ ತೋಟದಿಂದ. ಮೆಡ್‌ಫರ್ಡ್‌ನ ಅವರ ಮನೆಯ ಪಕ್ಕದಲ್ಲಿ ಗುಲಾಮರ ವಸತಿ ಇಂದಿಗೂ ನಿಂತಿದೆ. ಈ ಮನೆತನದ ಲಾಂಛನದಿಂದ ಪಡೆದ ತನ್ನ ಗುರುತನ್ನು ಹಾರ್ವರ್ಡ್ ಕಾನೂನು ಶಾಲೆ ಕೈಬಿಟ್ಟದ್ದು 2016ರಲ್ಲಿ.

ಅಲ್ಲಿಂದ ಮುಂದೆ ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಬಾಸ್ಟನ್ನಿನಲ್ಲಿ ಹುಟ್ಟಿ, ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಅಧಿಕಾರ ನಡೆಸಿ ಶ್ರೀಮಂತನಾದ ಎಲಿಹು ಯೇಲ್‌ನ ಲಂಡನ್ ಚಿತ್ರದಲ್ಲೂ ಕೊರಳಪಟ್ಟಿಯ ಹುಡುಗನಿದ್ದಾನೆ. ಯೇಲ್ ವಿಶ್ವವಿದ್ಯಾಲಯದ ಕಲಾಕೇಂದ್ರ 2020ರಲ್ಲಿ ಅದನ್ನು ಇಳಿಸಿ, ಸಂಶೋಧನೆ ನಡೆಸಿ, 2022ರಲ್ಲಿ ಮತ್ತೆ ತೂಗುಹಾಕಿತು.

ಎಲ್ಲಕ್ಕಿಂತ ವಿಚಿತ್ರವಾದದ್ದು ನ್ಯೂ ಆರ್ಲಿಯನ್ಸ್‌ನ 1837ರ ಚಿತ್ರ. ಅಮೆರಿಕ ಸ್ವತಂತ್ರವಾಗಿ ಅರ್ಧ ಶತಮಾನ ದಾಟಿತ್ತು, ರೂಢಿ ಮುಗಿದಿರಲಿಲ್ಲ. ಫ್ರೇ ಮನೆತನದ ಮೂವರು ಮಕ್ಕಳ ಹಿಂದೆ, ಮರಕ್ಕೆ ಒರಗಿ ಕೈಕಟ್ಟಿ ನಿಂತಿದ್ದ ಹದಿನೈದರ ಗುಲಾಮ ಹುಡುಗ ಬೆಲಿಝೇರ್‌ನ ಮೇಲೆ ಮುಂದೆ ಯಾರೋ ಬಣ್ಣ ಬಳಿದರು. 1972ರಲ್ಲಿ ಅದೇ ಊರಿನ ಸಂಗ್ರಹಾಲಯಕ್ಕೆ ಸೇರಿದ ಚಿತ್ರ ಮೂರು ದಶಕ ಉಗ್ರಾಣದಲ್ಲಿದ್ದು, 2005ರಲ್ಲಿ ಹರಾಜಾಯಿತು. ಅಷ್ಟು ಕಾಲವೂ ಬಣ್ಣದಡಿಯ ಆಕಾರ ಮಸುಕಾಗಿ ಕಾಣುತ್ತಲೇ ಇತ್ತು. ಹೊರಗೆ ಹೋದ ಮೇಲೆ ಅದನ್ನು ತೊಳೆದರು, ದಾಖಲೆ ಹುಡುಕಿ ಹೆಸರು ಕಂಡುಕೊಂಡರು. 2023ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ ಅದನ್ನು ಪಡೆಯಿತು. ಚಿತ್ರ ಬರೆಸಿದ ವರ್ಷವೇ ಇಬ್ಬರು ಹುಡುಗಿಯರು ತೀರಿಕೊಂಡಿದ್ದರು. ಬೆಲಿಝೇರ್ ಬದುಕಿದ. 1850ರ ದಶಕದಲ್ಲಿ ಅವನನ್ನು ಎವರ್‌ಗ್ರೀನ್ ಎಂಬ ಕಬ್ಬಿನ ತೋಟಕ್ಕೆ ಮಾರಿದ್ದಕ್ಕೆ ಕಾಗದ ಇದೆ.