ಗುರ್ ಅನ್ನುವ ಮೊದಲು ನಾಯಿ ಹೇಳಿದ್ದೇನು?

‘ಬಾಲ ಅಲ್ಲಾಡಿಸ್ತಾನೇ ಇತ್ತು ಡಾಕ್ಟ್ರೇ, ಆದ್ರೂ ಕಚ್ಚಿಬಿಡ್ತು.’ ಕ್ಲಿನಿಕ್‌ನಲ್ಲಿ ಈ ಮಾತು ಕೇಳದ ಪಶುವೈದ್ಯರು ಕಡಿಮೆ. ಬಾಲ ಅಲ್ಲಾಡಿದರೆ ನಾಯಿಗೆ ಖುಷಿಯಾಗಿದೆ ಅಂತಲೇ ಅಲ್ಲ. ಸೊಂಟದ ಸಮೇತ ಮೈಯೆಲ್ಲ ಸಡಿಲವಾಗಿ ಕುಣಿಯುತ್ತಿದ್ದರೆ ಸರಿ. ಬಾಲ ನೆಟ್ಟಗೆ ಮೇಲೆದ್ದು, ತುದಿ ಮಾತ್ರ ಪಟಪಟ ಆಡುತ್ತಾ ಮೈ ಬಿಗಿಯಾಗಿದ್ದರೆ ಕೈ ಚಾಚಬೇಡಿ. ತಳಿಯನ್ನೂ ನೋಡಬೇಕು. ಮುಧೋಳ ನಾಯಿಯ ಬಾಲ ಆರಾಮಾಗಿದ್ದಾಗಲೂ ಕೆಳಗೇ ಇರುತ್ತದೆ. ಪಗ್‌ನದು ಸಾಮಾನ್ಯವಾಗಿ ಸುರುಳಿಯೇ.

ಹಾಗಾಗಿ ನಾನು ಮೊದಲು ನೋಡುವುದು ಮುಖವನ್ನು. ಎದುರಿಗೆ ತಿಂಡಿ ಇಲ್ಲ, ಆದರೂ ನಾಲಿಗೆ ಚಕ್ಕನೆ ಬಂದು ಮೂಗು ಸವರಿ ಹೋಗುತ್ತದೆ. ನಿದ್ದೆ ಬಂದಿಲ್ಲ, ಆದರೂ ಆಕಳಿಕೆ. ಮುಖ ಆಚೆ ತಿರುಗಿದೆ, ಕಣ್ಣು ಮಾತ್ರ ನಮ್ಮ ಮೇಲೇ ಇದೆ, ಅಂಚಿನಲ್ಲಿ ಬಿಳಿ ಕಾಣುತ್ತದೆ. ಒಂದೊಂದನ್ನೇ ಹಿಡಿದು ತೀರ್ಪು ಕೊಡಲು ಆಗಲ್ಲ, ಊಟವಾದ ಮೇಲೆ ಯಾವ ನಾಯಿಯೂ ಬಾಯಿ ನೆಕ್ಕಿಕೊಳ್ಳುತ್ತದೆ. ಎರಡು ಮೂರು ಒಟ್ಟಿಗೆ ಕಂಡರೆ ಮಾತ್ರ ಹುಷಾರು. ಏದುಸಿರು ಬಿಡುತ್ತಿದ್ದ ನಾಯಿ ತಟ್ಟನೆ ಬಾಯಿ ಮುಚ್ಚಿ ಕಲ್ಲಿನಂತೆ ನಿಂತರೆ ನಾನು ಕೈ ಹಿಂದಕ್ಕೆ ತೆಗೆದುಬಿಡುತ್ತೇನೆ. ಕೆಲವೊಮ್ಮೆ ಮುಂದಿನದು ಹಲ್ಲೇ.

ತಪಾಸಣೆ ಮೇಜೂ ಬೇಕಾದಷ್ಟು ಹೇಳುತ್ತದೆ. ನಾಯಿಗೆ ಅಂಗಾಲಿನಲ್ಲಿ ಬೆವರುತ್ತದೆ, ಹೆದರಿದರೆ ಸ್ಟೀಲಿನ ಮೇಲೆ ಒದ್ದೆ ಹೆಜ್ಜೆ ಮೂಡುತ್ತದೆ. ಕೂದಲೂ ಉದುರುತ್ತದೆ. ಇಂಜೆಕ್ಷನ್ ಮುಗಿದ ಮೇಲೆ ಸ್ನಾನ ಮಾಡಿದ ಹಾಗೆ ಮೈ ಕೊಡವಿದರೆ ‘ಸದ್ಯ, ಮುಗೀತು’ ಅಂದಂತೆ.

ಮನೆಯಲ್ಲಿ ಜಾಸ್ತಿ ತಪ್ಪಾಗುವುದು ಮಕ್ಕಳ ವಿಷಯದಲ್ಲಿ. ಮಗು ನಾಯಿಯ ಕುತ್ತಿಗೆ ತಬ್ಬಿರುತ್ತದೆ, ಅಪ್ಪ ಅಮ್ಮ ಫೋಟೋ ತೆಗೆಯುತ್ತಿರುತ್ತಾರೆ. ಆ ಫೋಟೋದಲ್ಲೇ ನಾಯಿಯ ಕಿವಿ ಹಿಂದಕ್ಕೆ ಅಂಟಿರುತ್ತದೆ! ಅಪ್ಪುಗೆ ನಮಗೆ ಪ್ರೀತಿ, ಬಹಳಷ್ಟು ನಾಯಿಗಳಿಗೆ ಅದು ಸಿಕ್ಕಿಬಿದ್ದಂತೆ. ಒಂದು ಸುಲಭದ ಪರೀಕ್ಷೆ ಇದೆ. ಎದೆಯ ಹತ್ತಿರ ಎರಡು ಮೂರು ಸೆಕೆಂಡ್ ಸವರಿ ಕೈ ತೆಗೆಯಿರಿ. ನಾಯಿ ತಾನಾಗಿ ಒರಗಿ ಬಂದರೆ ಮುಂದುವರಿಸಿ. ಸುಮ್ನೆ ನಿಂತರೆ ಅಥವಾ ಆಚೆ ನೋಡಿದರೆ ಬಿಟ್ಟುಬಿಡಿ.

ಗುರುಗುಟ್ಟಿದ್ದಕ್ಕೆ ಹೊಡೆಯುವವರಿಗೆ ನನ್ನದು ಒಂದೇ ಪ್ರಶ್ನೆ. ಹೊಗೆ ಬಂದಾಗ ಕೂಗುವ ಅಲಾರ್ಮನ್ನು ಒಡೆದು ಹಾಕುತ್ತೀರಾ? ಏಟು ತಿಂದ ನಾಯಿಯ ಭಯ ಹೋಗಲ್ಲ. ಗುರುಗುಟ್ಟಬಾರದು ಅನ್ನುವುದನ್ನಷ್ಟೇ ಅದು ಕಲಿಯುತ್ತದೆ. ಆಮೇಲೆ ಎಚ್ಚರಿಕೆ ಇಲ್ಲದೆ ಕಚ್ಚುವುದು ಇಂಥ ನಾಯಿಗಳೇ.

ವರ್ಷಗಟ್ಟಲೆ ಸಾಧುವಾಗಿದ್ದ ನಾಯಿ ಈಚೆಗೆ ಮುಟ್ಟಿದರೆ ಸಿಡುಕುತ್ತಿದೆಯಾ? ಟ್ರೈನರ್‌ಗೆ ಫೋನ್ ಮಾಡುವ ಮೊದಲು ಕಿವಿ, ಹಲ್ಲು, ಸೊಂಟ ತೋರಿಸಿ, ನೋವು ಇರಬಹುದು. ಬರುವಾಗ ಮನೆಯಲ್ಲಿ ಅದು ಏಳುವ, ನಡೆಯುವ ವಿಡಿಯೋ ತನ್ನಿ. ಕ್ಲಿನಿಕ್‌ನ ಗಾಬರಿಯಲ್ಲಿ ಎಷ್ಟೋ ನಾಯಿಗಳು ಕುಂಟುವುದನ್ನೇ ಮರೆತುಬಿಡುತ್ತವೆ.