ಬಣ್ಣ ಬಂತು, ಶೌಚಾಲಯ ಬರಲಿಲ್ಲ

ನಂಜನಗೂಡಿನ ಕೈಗಾರಿಕಾ ಪ್ರದೇಶದ ಪಕ್ಕದಲ್ಲೇ ನಮ್ಮೂರು. ಕೆಲವು ವರ್ಷಗಳ ಹಿಂದೆ ಹೊರದೇಶದ ಒಂದು ಕಂಪನಿ ನಮ್ಮ ಸರ್ಕಾರಿ ಶಾಲೆಗೆ ಬಣ್ಣ ಹೊಡೆಸಿತು. ಗೋಡೆ ಚೆಂದ ಆಯಿತು, ನಿಜ. ಆದರೆ ಶಾಲೆಗೆ ಬೇಕಿದ್ದದ್ದು ಹೆಣ್ಣುಮಕ್ಕಳಿಗೆ ಶೌಚಾಲಯ. ಏನು ಬೇಕು ಅಂತ ಮೇಷ್ಟ್ರನ್ನಾಗಲಿ ತಾಯಂದಿರನ್ನಾಗಲಿ ಯಾರೂ ಕೇಳಿರಲಿಲ್ಲ.

ಇದು ದಾನದ ಹಣವಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ಲಾಭ ಮಾಡುವ ಕಂಪನಿಯೂ ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಹೊರದೇಶದ ಕಂಪನಿಗಳ ಇಲ್ಲಿನ ಘಟಕಗಳಿಗೂ ಇದು ಅನ್ವಯ. ಕಾರ್ಖಾನೆಯ ಸುತ್ತಮುತ್ತಲ ಊರುಗಳಿಗೆ ಆದ್ಯತೆ ಕೊಡಬೇಕು ಅಂತಲೂ ಕಾಯ್ದೆ ಹೇಳುತ್ತದೆ. ಆದರೆ ಯಾವ ಕೆಲಸ ಎಂದು ತೀರ್ಮಾನಿಸುವುದು ಕಂಪನಿಯ ಬೋರ್ಡು, ಅಂದರೆ ನಿರ್ದೇಶಕರ ಮಂಡಳಿ.

ಆ ಬೋರ್ಡಿನ ಕಿವಿಗೆ ಯಾರ ಮಾತು ಬೀಳುತ್ತದೆ? ಷೇರುದಾರರು ಮಾತ್ರವಲ್ಲ, ಕೆಲಸಗಾರರು, ಗ್ರಾಹಕರು, ಊರಿನವರು ಎಲ್ಲರೂ ಕಂಪನಿಯ ಸ್ಟೇಕ್‌ಹೋಲ್ಡರ್‌ಗಳು, ಅಂದರೆ ಅದರ ಒಳಿತು ಕೆಡುಕು ತಟ್ಟುವವರು, ಎಂದು ಅಮೆರಿಕದ ಪ್ರೊಫೆಸರ್ ಎಡ್ವರ್ಡ್ ಫ್ರೀಮನ್ 1984ರಲ್ಲೇ ವಾದಿಸಿದರು. 1997ರಲ್ಲಿ ಮಿಚೆಲ್, ಏಗಲ್, ವುಡ್ ಎಂಬ ಮೂವರು ವಿದ್ವಾಂಸರು ಅದನ್ನು ಇನ್ನೂ ಬಿಡಿಸಿ ನೋಡಿದರು. ಕಂಪನಿ ಯಾರ ಕಡೆ ತಿರುಗಿ ನೋಡುತ್ತದೆ ಎಂಬುದನ್ನು ಬಲ, ನ್ಯಾಯವಾದ ಹಕ್ಕು, ತುರ್ತು ಈ ಮೂರೂ ಸೇರಿ ತೀರ್ಮಾನಿಸುತ್ತವೆ ಎಂದರು. ಹೂಡಿಕೆದಾರರಿಗೆ ಬಲವಿದೆ. ಕಪಿಲಾ ದಡದ ರೈತನಿಗೆ ಹಕ್ಕಿದೆ, ತುರ್ತೂ ಇದೆ. ಬಲ ಮಾತ್ರ ಇಲ್ಲ. ನನ್ನ ಪ್ರಕಾರ ಇಡೀ ಸಮಸ್ಯೆ ಇರುವುದು ಇಲ್ಲೇ.

ಬಲವಿಲ್ಲದವರು ಬಲವಿರುವವರ ಜೊತೆ ಸೇರಬೇಕಾಗುತ್ತದೆ. ಪಕ್ಕದ ಕೇರಳದ ಪ್ಲಾಚಿಮಡದಲ್ಲಿ ಹಾಗೇ ಆಯಿತು. ಅಲ್ಲಿ ಕೋಕಾ-ಕೋಲಾ ಕಾರ್ಖಾನೆ ಶುರುವಾದದ್ದು 2000ದಲ್ಲಿ. ಬಾವಿ ನೀರು ಕೆಟ್ಟಿತು ಎಂದು 2002ರಲ್ಲಿ ಆದಿವಾಸಿಗಳು ಧರಣಿ ಕೂತರು. ಮರುವರ್ಷ ಪೆರುಮಾಟ್ಟಿ ಗ್ರಾಮ ಪಂಚಾಯಿತಿ ಲೈಸೆನ್ಸ್ ನವೀಕರಿಸಲಿಲ್ಲ. 2004ರ ಮಾರ್ಚ್‌ನಲ್ಲಿ ಕಾರ್ಖಾನೆ ನಿಂತಿತು. ಕೋರ್ಟಿನಲ್ಲಿ ಜಗಳ ಆಮೇಲೂ ವರ್ಷಗಟ್ಟಲೆ ನಡೆಯಿತು. ಆದರೂ ಧರಣಿ ಕೂತ ಹೆಂಗಸರ ದನಿಗೆ ಪಂಚಾಯಿತಿಯ ಒಂದು ತೀರ್ಮಾನದಿಂದ ಎಷ್ಟು ತೂಕ ಬಂತು ನೋಡಿ!

ನಾವು ಕಂಪನಿಯನ್ನು ಊರು ಬಿಡಿಸಬೇಕಿಲ್ಲ. ನಮ್ಮ ಹುಡುಗರು ಅಲ್ಲೇ ಕೆಲಸಕ್ಕೆ ಹೋಗುತ್ತಾರೆ ಅಲ್ವಾ? ಬೋರ್ಡು ಒಪ್ಪಿದ ಕೆಲಸಗಳ ಪಟ್ಟಿಯನ್ನು ಕಂಪನಿ ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು ಎಂಬ ನಿಯಮವಿದೆ. ಈ ಸಲ ಅದನ್ನು ಪ್ರಿಂಟ್ ತೆಗೆದು ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಸಭೆಗೆ ಒಯ್ದೆವು. ಪಕ್ಕದಲ್ಲಿ ನಮ್ಮ ಪಟ್ಟಿ ಬರೆದೆವು. ಮೊದಲ ಸಾಲು ಶೌಚಾಲಯ, ಎರಡನೆಯದು ಅದಕ್ಕೆ ನೀರು. ಮುಂದಿನ ಗ್ರಾಮಸಭೆಯಲ್ಲಿ ಅದು ಠರಾವಾಗಬೇಕು. ಕಂಪನಿಯ ಗೇಟಿಗೆ ಪಂಚಾಯಿತಿ ಸೀಲು ಬಿದ್ದ ಕಾಗದವನ್ನೇ ಹಿಡಿದು ಹೋಗುತ್ತೇವೆ.