ಮೊದಲು ದ್ವೀಪವೋ, ವಾಟರ್ ಪಾರ್ಕೋ?

ಓದುಗರ ಪ್ರಶ್ನೆ: ಮಕ್ಕಳಿಗೆ ಬೇಸಿಗೆ ರಜೆ ಬಂದಿದೆ. ಮಗನಿಗೆ ವಾಟರ್ ಪಾರ್ಕ್ ಬೇಕು, ಮಗಳಿಗೆ ದೋಣಿ ಹತ್ತಿ ದ್ವೀಪ ನೋಡಬೇಕು. ನಾವಿರುವುದು ಬೆಂಗಳೂರಿನಲ್ಲಿ. ಒಂದು ವಾರದಲ್ಲಿ ಎರಡೂ ಆಗುತ್ತದಾ? ಹೇಗೆ ಪ್ಲಾನ್ ಮಾಡುವುದು?

ಖಂಡಿತ ಆಗುತ್ತದೆ. ಆದರೆ ಉಡುಪಿ ಪಕ್ಕದ ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪ ಮೊದಲು, ವಾಟರ್ ಪಾರ್ಕ್ ಆಮೇಲೆ.

ಎಷ್ಟೋ ಮನೆಗಳಲ್ಲಿ ಇದು ಉಲ್ಟಾ ಆಗುತ್ತದೆ. ಹತ್ತಿರದ ಪಾರ್ಕಿಗೆ ಮೊದಲು ಹೋಗಿಬಿಡುತ್ತಾರೆ, ದೂರದ ಸಮುದ್ರವನ್ನು ರಜೆಯ ಕೊನೆಗೆ ಇಟ್ಟುಕೊಳ್ಳುತ್ತಾರೆ. ನಾವೂ ಒಂದು ವರ್ಷ ಹಾಗೇ ಮಾಡಿದೆವು. ಏಪ್ರಿಲ್ ಪೂರ್ತಿ ಮದುವೆ, ಗೃಹಪ್ರವೇಶ ಅಂತ ಕಳೆದುಹೋಯಿತು. ಮಲ್ಪೆ ತಲುಪುವಾಗ ಮೇ ಮೂರನೇ ವಾರ. ದೋಣಿ ನಿಂತು ಎರಡು ದಿನವಾಗಿತ್ತು. ಮಗಳು ಮರಳಿನ ಮೇಲೆ ನಿಂತು, ದೂರದಲ್ಲಿ ಕಾಣುವ ತೆಂಗಿನ ಮರಗಳ ಸಾಲನ್ನೇ ನೋಡುತ್ತಿದ್ದಳು. "ಅಲ್ಲೇ ಕಾಣ್ತಿದೆಯಲ್ಲ ಅಪ್ಪ, ಯಾಕೆ ಹೋಗಬಾರದು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಆ ಮುಖ ಇವತ್ತಿಗೂ ಮರೆತಿಲ್ಲ. ಅದಕ್ಕೇ ಯಾರು ಕೇಳಿದರೂ ಮೊದಲು ಇದನ್ನೇ ಹೇಳುತ್ತೇನೆ.

ಪಾರ್ಕಿನ ನೀರು ಮೋಟಾರ್ ಹಾಕಿದರೆ ಬರುತ್ತದೆ. ಕಡಲು ಹಾಗಲ್ಲ. ಮೇ ಅರ್ಧ ಮುಗಿಯುವ ಹೊತ್ತಿಗೆ ಮುಂಗಾರಿನ ಗಾಳಿ ಕರಾವಳಿಯನ್ನು ಮುಟ್ಟತೊಡಗುತ್ತದೆ, ಅಲೆ ಎತ್ತರವಾಗುತ್ತದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಪ್ರವಾಸಿ ದೋಣಿಗಳನ್ನು ಸಾಮಾನ್ಯವಾಗಿ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ನಿಲ್ಲಿಸುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಮೀನುಗಾರಿಕೆಗೂ ರಜೆ. ದಿನಾ ಕಡಲಿಗೆ ಇಳಿಯುವವರೇ ದೋಣಿ ಕಟ್ಟಿಹಾಕುವ ಕಾಲ ಅದು. ಹಾಗಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಮೊದಲ ವಾರದ ಒಳಗೆ ದ್ವೀಪ ಮುಗಿಸಿಬಿಡಿ.

ಹೋಗುವುದಕ್ಕೆ ರಾತ್ರಿ ರೈಲೇ ಒಳ್ಳೆಯದು. ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟು ಬೆಳಗಿನ ಜಾವಕ್ಕೆ ಉಡುಪಿ ಮುಟ್ಟಿಸುತ್ತದೆ. ರಜೆಯಲ್ಲಿ ಟಿಕೆಟ್ ಬೇಗ ಖಾಲಿಯಾಗುತ್ತದೆ, ಬುಕಿಂಗ್ ತೆರೆದ ದಿನವೇ ಮಾಡಿಕೊಳ್ಳಿ. ಭಾನುವಾರ ಸಂಜೆ ಹೊರಡಿ. ಸೋಮವಾರ ಕೃಷ್ಣ ಮಠ, ಸಂಜೆ ಮಲ್ಪೆ ಬೀಚು, ಅಷ್ಟೇ. ಮಂಗಳವಾರ ಬೆಳಿಗ್ಗೆ ದ್ವೀಪ. ಬುಧವಾರ ಬೆಳಗನ್ನು ಸುಮ್ನೆ ಖಾಲಿ ಬಿಡಿ. ಮಂಗಳವಾರ ಗಾಳಿ ಜಾಸ್ತಿ ಇದ್ದು ದೋಣಿ ಬಿಡದಿದ್ದರೆ ಆ ಖಾಲಿ ಬೆಳಗೇ ನಿಮ್ಮನ್ನು ಕಾಪಾಡುತ್ತದೆ.

ಬೆಳಿಗ್ಗೆ ಅಂತ ಯಾಕೆ ಒತ್ತಿ ಹೇಳುತ್ತಿದ್ದೇನೆ ಗೊತ್ತಾ? ಬಿಸಿಲೇರಿದ ಹಾಗೆ ನೆಲ ಕಾಯುತ್ತದೆ, ಕಡಲ ಕಡೆಯಿಂದ ಗಾಳಿ ಬೀಸತೊಡಗುತ್ತದೆ. ಮಧ್ಯಾಹ್ನಕ್ಕೆ ದೋಣಿ ಕುಲುಕುವುದು ಜಾಸ್ತಿ, ಮಕ್ಕಳಿಗೆ ವಾಂತಿಯೂ ಜಾಸ್ತಿ. ಹೊಟ್ಟೆ ತುಂಬಾ ಗೋಳಿ ಬಜೆ, ಬನ್ಸ್ ತಿಂದು ದೋಣಿ ಹತ್ತಬೇಡಿ. ಅದನ್ನು ವಾಪಸ್ ಬಂದ ಮೇಲೆ ತಿನ್ನಿ. ಹೋಗುವಾಗ ಎರಡು ಇಡ್ಲಿ ಸಾಕು. ದೋಣಿ ಜನ ತುಂಬಿದ ಮೇಲೆ ಹೊರಡುತ್ತದೆ, ಸ್ವಲ್ಪ ಕಾಯಬೇಕಾದೀತು. ಕೂತ ಕೂಡಲೇ ಮಕ್ಕಳಿಗೆ ಲೈಫ್ ಜಾಕೆಟ್ ಹಾಕಿಸಿ. ಕುತ್ತಿಗೆಗೆ ನೇತುಹಾಕಿದರೆ ಆಗಲಿಲ್ಲ, ಎಲ್ಲ ಕೊಂಡಿಯನ್ನೂ ಬಿಗಿಯಬೇಕು.

ದ್ವೀಪ ದಡದಿಂದ ಸುಮಾರು 6 ಕಿಲೋಮೀಟರ್. ಅರ್ಧ ಗಂಟೆಯ ಒಳಗಿನ ದಾರಿ. ಇದು ಪುಟ್ಟ ದ್ವೀಪಗಳ ಗುಂಪು, ಅದರಲ್ಲಿ ಜನ ಇಳಿಯುವ ತೆಂಗಿನ ದ್ವೀಪ ಉದ್ದ ಅಂದರೆ ಅರ್ಧ ಕಿಲೋಮೀಟರ್, ಅಗಲ ನೂರು ಮೀಟರ್ ಆಸುಪಾಸು. "ಇಷ್ಟೇನಾ?" ಅಂತ ಕೆಲವರು ಅರ್ಧ ಗಂಟೆಯಲ್ಲಿ ಫೋಟೋ ತೆಗೆದುಕೊಂಡು ತಿರುಗಿಬಿಡುತ್ತಾರೆ. ನನಗೆ ಇದು ನೋಡಿದರೆ ಸಂಕಟವಾಗುತ್ತದೆ.

ಯಾಕೆಂದರೆ ನೋಡಬೇಕಾದ್ದು ಕಾಲ ಕೆಳಗೇ ಇದೆ. ಅಲ್ಲಿನ ಬಂಡೆಗಳು ಯಾರೋ ಕೆತ್ತಿ ಜೋಡಿಸಿಟ್ಟ ಕಂಬಗಳ ಹಾಗಿವೆ. ಒಂದಕ್ಕೊಂದು ಅಂಟಿಕೊಂಡು, ಒಂದು ಎತ್ತರ, ಒಂದು ಗಿಡ್ಡ. ತಲೆಯ ಮೇಲಿಂದ ನೋಡಿದರೆ ಐದು ಮೂಲೆ, ಆರು ಮೂಲೆ, ಕೆಲವಕ್ಕೆ ಏಳು ಮೂಲೆ. ಮಕ್ಕಳಿಗೆ ಎಣಿಸಲು ಹೇಳಿ. ನಮ್ಮವಳು ಎರಡನೇ ಸಲ ಹೋದಾಗ ಒಂದೊಂದು ಕಂಬಕ್ಕೂ ಬೆರಳಿಟ್ಟು ಮೂಲೆ ಎಣಿಸುತ್ತಾ ಒಂದು ಗಂಟೆ ಅಲ್ಲೇ ಕೂತಳು. ಬೇಸಿಗೆಯಲ್ಲಿ ಕೆರೆಯಂಗಳ ಒಣಗಿದಾಗ ಮಣ್ಣು ಬಿಲ್ಲೆ ಬಿಲ್ಲೆಯಾಗಿ ಬಿರುಕು ಬಿಡುತ್ತದಲ್ವಾ? ಇಲ್ಲೂ ಹಾಗೇ. ಅಲ್ಲಿ ಮಣ್ಣು ಒಣಗಿ ಕುಗ್ಗುತ್ತದೆ, ಇಲ್ಲಿ ಕಾದ ಲಾವಾ ತಣಿಯುತ್ತಾ ಕುಗ್ಗಿತು. ಮೇಲೆ ಶುರುವಾದ ಬಿರುಕು ಆಳಕ್ಕೆ ಇಳಿಯುತ್ತಾ ಹೋಗಿ ಕಂಬಗಳಾದವು. ಇದು ನಡೆದದ್ದು ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೂ ಅದೇ ಗೌರವ ಇದೆ. ಹೊರಡುವ ಹಿಂದಿನ ಭಾನುವಾರ ಮಕ್ಕಳನ್ನು ಆ ಬಂಡೆ ಹತ್ತಿಸಿ, ದ್ವೀಪದ ಕಥೆ ಅಲ್ಲಿಂದಲೇ ಶುರು ಮಾಡಿ.

ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಮೇರಿಯಮ್ಮನ ಹೆಸರಿಟ್ಟ ಅನ್ನುವ ನಂಬಿಕೆಯೂ ಇದೆ. ಊರಿನವರ ಬಾಯಲ್ಲಿ ಇದು ತೋನ್ಸೆಪಾರ್.

ನೀರಿಗೆ ಇಳಿಯುವ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಗುರುತು ಹಾಕಿದ ಜಾಗದಲ್ಲಿ ಬಿಟ್ಟು ಬೇರೆಲ್ಲೂ ಬೇಡ. ಕಡಲ ಕಡೆಯ ಬಂಡೆಗಳ ಮೇಲೆ ಪಾಚಿ ಇರುತ್ತದೆ. ಸೆಲ್ಫಿ ತೆಗೆಯಲು ಹೋಗಿ ಜಾರಿ ಜೀವ ಕಳೆದುಕೊಂಡವರಿದ್ದಾರೆ. ಹಿಂದೆ ಪಟ್ಟಿ ಇರುವ, ಒದ್ದೆಯಾದರೂ ಪರವಾಗಿಲ್ಲ ಅನ್ನುವ ಚಪ್ಪಲಿ ಹಾಕಿಸಿ. ದಡದಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ, ಬರಿಗಾಲಿಗೆ ಚುಚ್ಚುತ್ತದೆ. ನೆರಳು ಕಡಿಮೆ, ಟೋಪಿ ಮರೆಯಬೇಡಿ. ವಾಪಸ್ ಬಂದ ಮೇಲೆ ಒಂದೊಂದು ಬೊಂಡ ಕುಡಿಸಿ. ಎಳನೀರಿಗೆ ಅಲ್ಲಿ ಹಾಗನ್ನುತ್ತಾರೆ.

ಬುಧವಾರ ರಾತ್ರಿ ಹೊರಟು ಗುರುವಾರ ಮನೆ. ಅವತ್ತು ಪೂರ್ತಿ ನಿದ್ದೆ, ಮೊಸರನ್ನ. ಶುಕ್ರವಾರ ವಾಟರ್ ಪಾರ್ಕ್. ಶನಿವಾರ, ಭಾನುವಾರ ಬೇಡ. ಒಂದು ಸ್ಲೈಡಿಗೆ ನಲವತ್ತು ನಿಮಿಷ ಕ್ಯೂ ನಿಂತರೆ ಮಕ್ಕಳ ಖುಷಿ ಅಲ್ಲೇ ಇಳಿದುಹೋಗುತ್ತದೆ. ಪಾರ್ಕು ಆಮೇಲೆ ಅನ್ನುವುದಕ್ಕೆ ಇನ್ನೊಂದು ಚಿಕ್ಕ ಕಾರಣವೂ ಇದೆ. ಸ್ಲೈಡುಗಳಲ್ಲಿ ಮೊಣಕೈ, ಮಂಡಿ ತರಚುತ್ತದೆ. ಆ ಗಾಯದ ಮೇಲೆ ಮರುದಿನ ಉಪ್ಪುನೀರು ಬಿದ್ದರೆ ಎಂಥ ಉರಿ ಅಂತ ಹೇಳಬೇಕಾಗಿಲ್ಲ.

ಬೆಂಗಳೂರಿನವರಿಗೆ ಬಿಡದಿಯ ವಂಡರ್‌ಲಾ ಹತ್ತಿರ, 2005ರಿಂದ ಇದೆ. ಬೆಳಿಗ್ಗೆ ಬಿಡದಿ ತಟ್ಟೆ ಇಡ್ಲಿ ತಿಂದು ಒಳಗೆ ಹೋದರೆ ಸಂಜೆವರೆಗೆ ಚಿಂತೆ ಇಲ್ಲ. ಮೈಸೂರಿನ ಕಡೆಯವರಿಗೆ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಇದೆ. ಎಲ್ಲಿಗೇ ಹೋದರೂ ಹೊರಡುವ ಮೊದಲು ಮಕ್ಕಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ, ಪೆನ್ಸಿಲಿನಲ್ಲಿ ಗೆರೆ ಎಳೆದು ಎತ್ತರ ಅಳೆಯಿರಿ. ಯಾವ ಆಟ ಆಡಬಹುದು ಅನ್ನುವುದನ್ನು ಅಲ್ಲಿ ತೀರ್ಮಾನಿಸುವುದು ವಯಸ್ಸಲ್ಲ, ಎತ್ತರ. "ನಿನಗೆ ಈ ಸಲ ಇಷ್ಟು ಆಟ" ಅಂತ ಮನೆಯಲ್ಲೇ ಹೇಳಿದರೆ ಮಗು ಒಪ್ಪಿಕೊಳ್ಳುತ್ತದೆ. ಕ್ಯೂ ತುದಿಯಲ್ಲಿ ವಾಪಸ್ ಕಳಿಸಿದರೆ ಅಳುತ್ತದೆ.

ಬಟ್ಟೆಯ ಬಗ್ಗೆ ತುಂಬಾ ಜನ ಕೇಳುತ್ತಾರೆ. ಪಾರ್ಕಿನ ನೀರಿಗೆ ಇಳಿಯಲು ನೈಲಾನ್ ಬಟ್ಟೆಯೇ ಯಾಕೆ? ಹತ್ತಿ ನೀರು ಕುಡಿದು ಭಾರವಾಗುತ್ತದೆ, ಸ್ಲೈಡಿನಲ್ಲಿ ತಡೆಯುತ್ತದೆ, ಅದರ ಎಳೆಗಳು ಫಿಲ್ಟರಿಗೆ ಸೇರುತ್ತವೆ. ಮೈಗೆ ಅಂಟುವ, ಬಟನ್, ಜಿಪ್ ಇಲ್ಲದ ಉದ್ದ ತೋಳಿನ ನೈಲಾನ್ ಅಂಗಿ ಕೊಂಡರೆ ಬಿಸಿಲಿಗೂ ಆಯಿತು, ದ್ವೀಪಕ್ಕೂ ಆಯಿತು.

ಕೊಳದ ಹತ್ತಿರ ಮೂಗಿಗೆ ಹೊಡೆಯುವ ವಾಸನೆ ಬಂದರೆ "ಚೆನ್ನಾಗಿ ಕ್ಲೋರಿನ್ ಹಾಕಿದ್ದಾರೆ" ಅಂತ ಸಮಾಧಾನ ಪಡುತ್ತೇವೆ. ವಿಷಯ ಬೇರೆ. ಕ್ಲೋರಿನ್ ಬೆವರು, ಮೂತ್ರದ ಜೊತೆ ಸೇರಿದಾಗ ಹುಟ್ಟುವ ಕ್ಲೋರಮೈನ್‌ನ ವಾಸನೆ ಅದು. ಕಣ್ಣು ಕೆಂಪಾಗುವುದೂ ಅದರಿಂದಲೇ. ಅದಕ್ಕೇ ನೀರಿಗಿಳಿಯುವ ಮೊದಲು ಒಂದು ನಿಮಿಷ ಶವರ್ ಕೆಳಗೆ ನಿಲ್ಲಿಸಿ, ಗಂಟೆಗೊಮ್ಮೆ ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗಿ. ಭೇದಿ ಆಗುತ್ತಿರುವ ಮಗುವನ್ನು ಕರೆತರಲೇಬೇಡಿ. ಕ್ರಿಪ್ಟೊಸ್ಪೊರಿಡಿಯಂ ಅನ್ನುವ ಪರಾವಲಂಬಿ ಕ್ಲೋರಿನ್ ನೀರಿನಲ್ಲೂ ದಿನಗಟ್ಟಲೆ ಬದುಕುತ್ತದೆ.

ಅಲೆಗಳ ಕೊಳದಲ್ಲಿ ಮಾತ್ರ ಫೋನ್ ಲಾಕರಿನಲ್ಲಿರಲಿ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಉಸಿರಿಗೇ ಜಾಗ ಇಲ್ಲದಾಗ ಕೂಗುವುದೆಲ್ಲಿಂದ? ನೂರು ಜನರ ಗದ್ದಲದ ನಡುವೆ ಸದ್ದಿಲ್ಲದೆ ಕೆಳಗೆ ಹೋಗುತ್ತದೆ. ಕೈಗೆ ಕಟ್ಟುವ ಗಾಳಿ ಟ್ಯೂಬನ್ನು ನಂಬಬೇಡಿ, ಮಗು ಸದಾ ನಿಮ್ಮ ಕೈಗೆ ಸಿಗುವಷ್ಟು ದೂರದಲ್ಲಿರಲಿ. ಇಬ್ಬರು ದೊಡ್ಡವರಿದ್ದರೆ ಸರದಿ ಹಾಕಿಕೊಳ್ಳಿ. "ಅವರು ನೋಡುತ್ತಾರೆ" ಅಂತ ಇಬ್ಬರೂ ಅಂದುಕೊಂಡಾಗಲೇ ಅನಾಹುತ ಆಗುವುದು.

ಮೇ ಮೊದಲ ವಾರವೂ ದಾಟಿಹೋಯಿತು ಅನ್ನುವವರು ನದಿಯ ದ್ವೀಪಕ್ಕೆ ಹೋಗಬಹುದು. ಕಾವೇರಿ ಮೂರು ಕಡೆ ಕವಲೊಡೆದು ರಂಗನಾಥನನ್ನು ಬಳಸಿ ಹರಿಯುತ್ತಾಳೆ. ಶ್ರೀರಂಗಪಟ್ಟಣ ಆದಿರಂಗ, ಶಿವನಸಮುದ್ರ ಮಧ್ಯರಂಗ, ತಮಿಳುನಾಡಿನ ಶ್ರೀರಂಗಂ ಅಂತ್ಯರಂಗ. ಶ್ರೀರಂಗಪಟ್ಟಣ ಇಡೀ ಊರೇ ದ್ವೀಪ ಅಂತ ಗೊತ್ತಿಲ್ಲದೆ ಎಷ್ಟು ಸಲ ಸೇತುವೆ ದಾಟಿದ್ದೇವೋ! ಪಕ್ಕದ ರಂಗನತಿಟ್ಟು ಪುಟ್ಟ ಪುಟ್ಟ ನಡುಗಡ್ಡೆಗಳ ಗುಂಪು. ಸಲೀಂ ಅಲಿ ಅವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. ಮೇ ತಿಂಗಳಲ್ಲೂ ಗೂಡಿನಲ್ಲಿ ಮರಿಗಳಿರುತ್ತವೆ. ಬೆಳಗಿನ ಮೊದಲ ದೋಣಿ ಹತ್ತಿದರೆ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯೂ ಕಾಣಬಹುದು. ಬಿಡದಿಯೂ ಇದೇ ದಾರಿಯಲ್ಲಿದೆ, ಎರಡು ದಿನದಲ್ಲಿ ಎರಡೂ ಮುಗಿಯುತ್ತದೆ. ಆದರೆ ಕಾವೇರಿಯಲ್ಲಿ ಎಲ್ಲೂ ಈಜಲು ಇಳಿಯಬೇಡಿ. ಬೇಸಿಗೆಯಲ್ಲಿ ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಆಳದ ಮಡುವಿರುತ್ತದೆ, ಸುಳಿ ಇರುತ್ತದೆ. ಮುತ್ತತ್ತಿಯಂಥ ಕಡೆ ಎಷ್ಟೋ ಮನೆಗಳು ಮಕ್ಕಳನ್ನು ಕಳೆದುಕೊಂಡಿವೆ.

ಅಮೆರಿಕದಿಂದ ಜೂನ್, ಜುಲೈನಲ್ಲಿ ಊರಿಗೆ ಬರುವವರೂ ಇದೇ ಪ್ರಶ್ನೆ ಕೇಳುತ್ತಾರೆ. ಆಗ ಮಲ್ಪೆಯ ದೋಣಿ ಇರುವುದಿಲ್ಲ. ರಂಗನತಿಟ್ಟಿನಲ್ಲೂ ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟರೆ ದೋಣಿ ನಿಲ್ಲುತ್ತದೆ. ಪಾರ್ಕಿಗೆ ಹೋಗಿ, ಮಳೆಯಲ್ಲಿ ಸ್ಲೈಡ್ ಆಡುವುದೂ ಚೆಂದವೇ. ದ್ವೀಪಕ್ಕೆ ಡಿಸೆಂಬರ್ ರಜೆಯಲ್ಲಿ ಬನ್ನಿ. ಆಗ ಬಿಸಿಲು ಕಮ್ಮಿ, ಕಡಲೂ ಶಾಂತ.